ಎರಿ ಹೊಲಕ್ಕೆ ಇಳಿದ ನಾಡಮಾತು

ಬರ ಬಿದ್ದಾಗ ಕಾಳು ಸಾಗಿಸಲಿಕ್ಕೆ ಹಾದಿಯೇ ಇಲ್ಲವೆಂಬುದು 1876–78ರ ಕ್ಷಾಮದಲ್ಲಿ ಮುಂಬಯಿ ಸರಕಾರಕ್ಕೆ ಮನವರಿಕೆಯಾಯಿತು. ಅದಾದ ಮೇಲೆ, 1880ರ ದಶಕದಲ್ಲಿ, ಧಾರವಾಡ ಜಿಲ್ಲೆಯ ಎರಿ ನೆಲದ ಮೇಲೆ ಮೀಟರ್ ಗೇಜ್ ಹಳಿ ಬಿತ್ತು. ಗದಗ ಬಿಟ್ಟ ಗಾಡಿ ಅಣ್ಣಿಗೇರಿ ಹಾಯ್ದು ಹುಬ್ಬಳ್ಳಿಗೆ ಬರುತ್ತಿತ್ತು. ಹುಬ್ಬಳ್ಳಿ ಬಿಟ್ಟದ್ದು ಕುಂದಗೋಳದ ಮೇಲೆ ಹರಿಹರದ ದಿಕ್ಕು ಹಿಡಿಯುತ್ತಿತ್ತು. ಕಾಳಿನ ಚೀಲ, ಹತ್ತಿ ಅಂಡಿಗೆ, ಜಾತ್ರೆಯ ಮಂದಿ ಎಲ್ಲವನ್ನೂ ಹೊತ್ತು ತಿರುಗಿದ ಆ ಗಾಡಿಯ ಕಂಪನಿಗೆ ಸದರ್ನ್ ಮರಾಠಾ ರೈಲ್ವೆ ಎಂದು ಹೆಸರು. ಅದರ ಮುಖ್ಯ ಕಚೇರಿ ಇದ್ದದ್ದು ಧಾರವಾಡದಲ್ಲೇ.

ಈ ಹೆಸರಿನ ಗಾಡಿ ಓಡಾಡಿದ ನೆಲ ಯಾವುದು? ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವಾಗ ನಾಲ್ಕು ಊರು ಎಣಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಅಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಬೆಳಗಾವಿ ಸೀಮೆಯ ಒಕ್ಕುಂದ. ನಕಾಶೆ ಬಿಡಿಸಿ ಈ ನಾಲ್ಕಕ್ಕೂ ಗೆರೆ ಎಳೆದರೆ ನವಲಗುಂದ, ಅಣ್ಣಿಗೇರಿ ಎರಡೂ ಒಳಗೇ ಬೀಳುತ್ತವೆ. ಪಂಪನ ತಮ್ಮ ಜಿನವಲ್ಲಭ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಬರೆಸಿದ ಶಾಸನ ತಾಯಿಯ ಮನೆತನವನ್ನು ಅಣ್ಣಿಗೇರಿಗೆ ಸೇರಿಸುತ್ತದೆ. ಆ ಶಾಸನ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಇದೆ. ಹತ್ತನೆಯ ಶತಮಾನದ ಆ ಮನುಷ್ಯನಿಗೆ ಮೂರು ನುಡಿಯಲ್ಲಿ ಬರೆಸುವುದು ಜಗಳದ ಸಂಗತಿಯಾಗಿರಲಿಲ್ಲ. ಕನ್ನಡದ ಎದೆಗೂಡು ಎಂದು ನಮಗೆ ಸಿಕ್ಕ ಹಳಗನ್ನಡದ ಮೊದಲ ಗ್ರಂಥವೇ ತೋರಿಸಿದ ಜಾಗ ಸಾವಿರ ವರ್ಷದ ಮೇಲೆ ಸರಕಾರಿ ಕಾಗದದಲ್ಲಿ ‘ದಕ್ಷಿಣ ಮರಾಠಾ ಪ್ರದೇಶ’ ಆಗಿತ್ತು.

ಇದರಲ್ಲಿ ಯಾರ ಕುತಂತ್ರವೂ ಇರಲಿಲ್ಲ. ಇಂಗ್ಲಿಷರು ಈ ಸೀಮೆಯನ್ನು 1818ರಲ್ಲಿ ಪೇಶವೆಯರಿಂದ ಗೆದ್ದರು. ಯಾರಿಂದ ತೆಗೆದುಕೊಂಡರೋ ಅವರ ಹೆಸರು ಇಟ್ಟರು. ಪೇಶವೆಯರ ಸರದಾರರಾದ ಪಟವರ್ಧನರು, ಭಾವೆಯವರು, ಘೋರ್ಪಡೆಯವರು ತಂತಮ್ಮ ಜಹಗೀರುಗಳಲ್ಲಿ ಉಳಿದುಕೊಂಡರು. ಹೀಗಾಗಿ ಜಿಲ್ಲೆ ಚಿಂದಿಚಿಂದಿಯಾಗಿತ್ತು. ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಜಮಖಂಡಿ ಎಲ್ಲಿ, ಕುಂದಗೋಳ ಎಲ್ಲಿ! ಲಕ್ಷ್ಮೇಶ್ವರ ಮಿರಜಿನದು, ಶಿರಹಟ್ಟಿ ಸಾಂಗಲಿಯದು, ಸವಣೂರಿಗೆ ನವಾಬ. ಕುಂದಗೋಳದ ರೈತ ಹುಬ್ಬಳ್ಳಿ ಸಂತೆಗೆ ಹೊರಟರೆ ಒಂದು ರಾಜ್ಯ ಬಿಟ್ಟು ಇನ್ನೊಂದಕ್ಕೆ ಕಾಲಿಟ್ಟ ಹಾಗೆ. ಕುಲಕರ್ಣಿಯ ದಫ್ತರ ಮೋಡಿ ಲಿಪಿಯಲ್ಲಿ ಇರುತ್ತಿತ್ತು. ತನ್ನ ಹೊಲದ ಉತಾರದಲ್ಲಿ ಏನು ಬರೆದಿದೆ ಎಂಬುದನ್ನು ಹೊಲದ ಒಡೆಯನಿಗೆ ಬೇರೆಯವರು ಓದಿ ಹೇಳಬೇಕು.

ಆದರೆ ಮರಾಠಿ ಒಡೆತನ, ಕನ್ನಡ ಪ್ರಜೆ ಎಂದು ಸೀಳಿ ಹೇಳಿಬಿಟ್ಟರೆ ಇತಿಹಾಸ ಸುಳ್ಳಾಗುತ್ತದೆ. 1858ರ ಮೇ 29ರಂದು ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನನ್ನು ಕೊಂದು ಬೆಳಗಾವಿಯಲ್ಲಿ ಗಲ್ಲಿಗೇರಿದ ನರಗುಂದದ ಬಾಬಾಸಾಹೇಬ ಮರಾಠಿ ಮನೆತನದವನೇ. ನವಲಗುಂದದ ಮಗ್ಗುಲಿನ ಆ ಗುಡ್ಡದ ಕೋಟೆಯ ದೊರೆಯನ್ನು ಕನ್ನಡ ಲಾವಣಿಕಾರರು ತಮ್ಮವನೆಂದೇ ಹಾಡಿದರು. ಇನ್ನು ಕುಂದಗೋಳದಲ್ಲಿ ಬೆಳೆದ ರಾಮಚಂದ್ರ ಸಂಶಿ, ಉತ್ತರದಿಂದ ಬಂದ ಅಬ್ದುಲ್ ಕರೀಮ್ ಖಾನರ ಬಳಿ ಕಲಿತು, ಮರಾಠಿ ರಂಗಭೂಮಿಯಲ್ಲಿ ಹಾಡಿ, ಸವಾಯಿ ಗಂಧರ್ವ ಎನಿಸಿಕೊಂಡು ತಿರುಗಿ ಊರಿಗೇ ಬಂದು ನೆಲೆಸಿದರು. ಗಂಗೂಬಾಯಿ ಹಾನಗಲ್ಲರು ಅವರ ಬಳಿ ಪಾಠಕ್ಕೆ ಹೋಗುತ್ತಿದ್ದದ್ದು ಹುಬ್ಬಳ್ಳಿಯಿಂದ ಅದೇ ರೈಲಿನಲ್ಲಿ. ಮಂದಿಯ ಬಾಳಿನಲ್ಲಿ ಎರಡು ನುಡಿ ಹೆಣೆದುಕೊಂಡಿದ್ದವು. ತಕರಾರು ಇದ್ದದ್ದು ಚಾವಡಿಯಲ್ಲಿ, ಶಾಲೆಯಲ್ಲಿ, ಕಚೇರಿಯಲ್ಲಿ.

ಶಾಲೆಯಿಂದಲೇ ಸುರುವಾಯಿತು. ಡೆಪ್ಯುಟಿ ಚನ್ನಬಸಪ್ಪನವರು (1834–1881) ಶಿಕ್ಷಣ ಇಲಾಖೆಯ ಅಧಿಕಾರಿಯಾಗಿ ಊರೂರು ತಿರುಗಿ ಕನ್ನಡ ಶಾಲೆ ತೆರೆಸಿದರು. ಮಕ್ಕಳಿಗೆ ಮರಾಠಿಯೇ ಓದಿನ ಭಾಷೆ ಎಂದುಕೊಂಡಿದ್ದ ಗೌಡರನ್ನು, ಶಾನಭೋಗರನ್ನು ಒಲಿಸುವುದು ಸಣ್ಣ ಕೆಲಸವಲ್ಲ. ಮುಂದೆ 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ಧಾರವಾಡದ ಪಕ್ಕದ ನರೇಂದ್ರ ಎಂಬ ಹಳ್ಳಿಯವರು ಅವರು, ಪುಣೆಯಲ್ಲಿ ಓದಿದವರು. ಸಂಘದ ಮೊದಲ ಕೆಲಸವೆಲ್ಲ ಪುಸ್ತಕ ಬರೆಸುವುದು, ಅಚ್ಚು ಹಾಕಿಸುವುದು. ಅಲ್ಲಿಯವರೆಗೆ ಇದು ಓದುಬರಹದ ಮಾತು, ರಾಜಕಾರಣದ ಮಾತಾಗಿರಲಿಲ್ಲ.

ಅದನ್ನು ರಾಜಕಾರಣದ ಮಾತು ಮಾಡಿದವರು ಆಲೂರ ವೆಂಕಟರಾಯರು. ಹೊಳೆಆಲೂರಿನ ಮನೆತನ, ಹುಟ್ಟಿದ್ದು 1880ರಲ್ಲಿ ಬಿಜಾಪುರದಲ್ಲಿ, ಓದಿದ್ದು ಪುಣೆಯಲ್ಲಿ, ದೇಶಭಕ್ತಿಯ ಪಾಠ ಆದದ್ದು ಟಿಳಕರಿಂದ. 1905ರಲ್ಲಿ ಬಂಗಾಲ ಒಡೆದಾಗ ಬಂಗಾಲಿಗಳು ಎದ್ದು ನಿಂತದ್ದನ್ನು ನೋಡಿ, ನಮ್ಮದು ಎಷ್ಟು ಚೂರಾಗಿದೆ, ನಮಗೆ ಯಾಕೆ ನೋವೇ ಆಗಿಲ್ಲ ಎಂದು ಅವರಿಗೆ ಅನ್ನಿಸಿತು. ಹಂಪಿ, ಆನೆಗುಂದಿಯ ಯಾತ್ರೆಯಲ್ಲಿ ವಿಜಯನಗರದ ಹಾಳು ಕಂಡದ್ದು ಅವರ ಬದುಕನ್ನೇ ತಿರುಗಿಸಿತು. 1917ರಲ್ಲಿ ‘ಕರ್ನಾಟಕ ಗತವೈಭವ’ ಹೊರಬಂತು: ಕದಂಬ, ಚಾಲುಕ್ಯ, ರಾಷ್ಟ್ರಕೂಟ, ವಿಜಯನಗರ, ಒಂದರ ಹಿಂದೆ ಒಂದು ಸಾಮ್ರಾಜ್ಯ. ಈ ಅರಸು ಮನೆತನಗಳ ವಿವರಗಳನ್ನು ಶಾಸನ ಓದಿ ಓದಿ ಒಟ್ಟುಗೂಡಿಸಿದವರಲ್ಲಿ ಮುಖ್ಯನಾದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ಅಧಿಕಾರಿಯ ಸಂಶೋಧನೆಗೆ ಆಲೂರರು ಸಿಟ್ಟು, ನಾಚಿಕೆ, ಹೆಮ್ಮೆ ಸೇರಿಸಿದರು. ಇಂದು ಓದುವವನಿಗೆ ಆ ಪುಸ್ತಕದ ಏರುದನಿ ದಣಿವು ತರುತ್ತದೆ, ಅರಸರ ದಂಡಯಾತ್ರೆಗಳಲ್ಲಿ ರೈತ ಎಲ್ಲೂ ಕಾಣುವುದಿಲ್ಲ. ಆದರೆ ‘ದಕ್ಷಿಣ ಮರಾಠಾ’ ಎಂದು ಕರೆಸಿಕೊಂಡವರಿಗೆ ಬೇರೊಂದು ಹೆಸರು, ಅದಕ್ಕೊಂದು ವಂಶಾವಳಿ, ಅದು ಎಲ್ಲಿಂದ ಎಲ್ಲಿಯವರೆಗೆ ಎಂಬ ಎಲ್ಲೆ, ಮೂರೂ ಒಂದೇ ಪುಸ್ತಕದಲ್ಲಿ ಸಿಕ್ಕವು. ಅದೇ 1917ರಲ್ಲಿ ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮುಂತಾದವರ ಪ್ರಯತ್ನದಿಂದ ಧಾರವಾಡಕ್ಕೆ ಕಾಲೇಜು ಬಂತು, ಅದಕ್ಕೆ ಕರ್ನಾಟಕ ಕಾಲೇಜು ಎಂದು ಹೆಸರಾಯಿತು. ಮುಂದೆ ಆ ಕಾಲೇಜು ಸೇರಿಕೊಂಡದ್ದು ಸದರ್ನ್ ಮರಾಠಾ ರೈಲ್ವೆಯ ಹಳೆಯ ಕಚೇರಿಯ ಕಟ್ಟಡವನ್ನು.

ಆಲೂರರಿಗೆ ಒಂದು ಆಪಾದನೆ ಬರುವುದು ಗೊತ್ತಿತ್ತು: ದೇಶವೇ ಪರತಂತ್ರವಾಗಿರುವಾಗ ನಿಮ್ಮ ಪ್ರಾಂತದ ಮಾತು ಯಾಕೆ? ಅದಕ್ಕೆ ಅವರು ಕಂಡುಕೊಂಡ ಉತ್ತರ ಕರ್ನಾಟಕತ್ವ. ಕನ್ನಡಿಗನಾಗುವುದರ ಮೂಲಕವೇ ಭಾರತೀಯನಾಗುವುದು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿಲ್ಲ ಎಂಬುದು ಅದರ ಸಾರ. ಮುಂದೆ ಈ ಕಡೆಯ ರಾಜಕೀಯ ಭಾಷಣವೆಲ್ಲ ಈ ಅಚ್ಚಿನಲ್ಲೇ ಎರಕಗೊಂಡಿತು: ಮೊದಲು ಭಾರತಮಾತೆಗೆ ಜಯಕಾರ, ಕೂಡಲೇ ಕನ್ನಡಾಂಬೆಗೆ. ಒಂದನ್ನು ಕೂಗಿ ಇನ್ನೊಂದನ್ನು ಬಿಟ್ಟರೆ ಸಭೆ ಪೂರ್ತಿ ಆಗುತ್ತಿರಲಿಲ್ಲ.

ಕಾಂಗ್ರೆಸ್ಸೂ ಆಗ ಅದನ್ನು ಒಪ್ಪಿತ್ತು. 1920ರ ನಾಗಪುರ ಅಧಿವೇಶನದಲ್ಲಿ ಭಾಷೆಗೊಂದರಂತೆ ಪ್ರದೇಶ ಸಮಿತಿಗಳಾದವು, ಕರ್ನಾಟಕಕ್ಕೂ ಒಂದು ಸಿಕ್ಕಿತು. ಸರಕಾರದ ನಕಾಶೆಯಲ್ಲಿ ಇಲ್ಲದ ಕರ್ನಾಟಕ ಪಕ್ಷದ ರಸೀದಿ ಪುಸ್ತಕದಲ್ಲಿ ಇತ್ತು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಅಧಿವೇಶನದಲ್ಲಿ ಗದಗಿನ ಹುಯಿಲಗೋಳ ನಾರಾಯಣರಾಯರ ನಾಡಗೀತೆ ಹಾಡಿದರು. ಪತ್ರಿಕೆಗಳ ಹೆಸರೇ ಬೇಡಿಕೆಯಾಗಿದ್ದವು: ಜಯಕರ್ನಾಟಕ, ಸಂಯುಕ್ತ ಕರ್ನಾಟಕ, ವಿಶಾಲ ಕರ್ನಾಟಕ. ಪೇಪರಿನ ತಲೆಬರಹ ಓದಿದರೆ ಸಾಕು, ಅರ್ಧ ಭಾಷಣ ಕೇಳಿದ ಹಾಗೆ.

ಇಷ್ಟೆಲ್ಲ ಆದರೂ ಇದು ಪೇಟೆಯ ಮಾತೇ. ವಕೀಲರು, ಮಾಸ್ತರರು, ಕವಿಗಳು ಆಡಿದ್ದು. ಹಳ್ಳಿಗೆ ಅದು ಹಾಡಾಗಿ ಬಂತು. ಗೀಗೀ ಮೇಳದವರು ರಾಣಿ ಚನ್ನಮ್ಮ, ಸಂಗೊಳ್ಳಿ ರಾಯಣ್ಣನ ಪದಗಳ ಜೊತೆಗೆ ಗಾಂಧಿಯ ಪದ, ಕನ್ನಡನಾಡಿನ ಪದ ಹೊಸೆದರು. ಮುರಗೋಡದ ಹುಕ್ಕೇರಿ ಬಾಳಪ್ಪ ಕವಿ ಆನಂದಕಂದರ ಹಾಡುಗಳನ್ನು ಎತ್ತಿಕೊಂಡು ಸಭೆಯಿಂದ ಸಭೆಗೆ ಹೋದರು. ಮೈಕಿಲ್ಲದ ಕಾಲದಲ್ಲಿ ಬಯಲಿನ ಕೊನೆಯವರೆಗೂ ಮುಟ್ಟುವ ದನಿ ಅದು. ಭಾಷಣಕಾರರು ಬರುವುದು ತಡವಾದರೆ ಮಂದಿ ಬೇಸರಪಟ್ಟುಕೊಳ್ಳುತ್ತಿರಲಿಲ್ಲ; ಅವರು ಬಂದಿದ್ದು ಹಾಡಿಗೆ.

ಸ್ವಾತಂತ್ರ್ಯ ಬಂದ ಮೇಲೆ ದಿಲ್ಲಿಯ ಮಾತು ಬದಲಾಯಿತು. ದೇಶ ಆಗತಾನೇ ಒಡೆದಿತ್ತು, ನಾಯಕರಿಗೆ ಗಡಿ ಎಂಬ ಶಬ್ದವೇ ದಿಗಿಲು ಹುಟ್ಟಿಸುತ್ತಿತ್ತು. 1948ರ ಧರ್ ಆಯೋಗ ಭಾಷಾವಾರು ಪ್ರಾಂತ ಬೇಡವೆಂದಿತು. ನೆಹರು, ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಇದ್ದ ಸಮಿತಿ 1949ರಲ್ಲಿ, ಸದ್ಯಕ್ಕೆ ಆಂಧ್ರದ ಮಟ್ಟಿಗೆ ನೋಡಬಹುದು, ಉಳಿದವರು ತಾಳಿರಿ ಎಂಬ ಧಾಟಿಯಲ್ಲಿ ಹೇಳಿತು. ನಿನ್ನೆಯವರೆಗೆ ರಾಷ್ಟ್ರಭಕ್ತಿಯ ಭಾಗವಾಗಿದ್ದ ಬೇಡಿಕೆಗೆ ಈಗ ಸಂಕುಚಿತ ಮನೋಭಾವ, ಪ್ರಾಂತೀಯತೆ ಎಂಬ ಹೆಸರು. ಕನ್ನಡಕ್ಕಾಗಿ ದುಡಿದವರೂ, ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಕಂಡವರೂ ಬಹುಪಾಲು ಒಬ್ಬರೇ ಆಗಿದ್ದ ಈ ಜಿಲ್ಲೆಯಲ್ಲಿ ಆ ಮಾತು ಚುಚ್ಚಿತು. ನಡುವೆ ಒಂದೇ ಒಳ್ಳೆಯ ಸುದ್ದಿ: 1948ರ ಮಾರ್ಚ್ 8ರಂದು ದಖ್ಖನಿನ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಕುಂದಗೋಳಕ್ಕೆ ಜಮಖಂಡಿಯ ಋಣ ಹರಿಯಿತು.

1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಆಂಧ್ರಕ್ಕಾಗಿ ಕೂತ ಉಪವಾಸದಲ್ಲಿ ತೀರಿಕೊಂಡರು, ನಾಲ್ಕೇ ದಿನದಲ್ಲಿ ನೆಹರು ಆಂಧ್ರ ರಾಜ್ಯ ಘೋಷಿಸಿದರು. ಮನವಿ ಬರೆದು ಬರೆದು ದಣಿದಿದ್ದ ಕನ್ನಡಿಗರಿಗೆ ದಿಲ್ಲಿಗೆ ಅರ್ಥವಾಗುವ ಭಾಷೆ ಯಾವುದೆಂದು ಅಂದು ತಿಳಿಯಿತು. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿ ಮುಂಬಯಿ ವಿಧಾನಮಂಡಲದ ಸದಸ್ಯತ್ವ ಬಿಟ್ಟುಕೊಟ್ಟರು. ಗದಗಿನ ಕಲಾವಿದ ಸಿ.ಎನ್. ಪಾಟೀಲರಿಂದ ಭುವನೇಶ್ವರಿಯ ಚಿತ್ರ ಬರೆಸಿದವರು ಇವರೇ. ಪುಸ್ತಕದಲ್ಲಿದ್ದ ನಾಡಿಗೆ ಮುಖ, ಕೈ, ಸೀರೆ ಬಂದವು. ಅಕ್ಷರ ಬಾರದವರೂ ಕೈ ಮುಗಿಯಬಹುದಾದ ದೇವಿ ಆದಳು.

ಅದೇ ಹೊತ್ತಿಗೆ, 1953ರ ಮಾರ್ಚ್ 28ರಂದು, ಹುಬ್ಬಳ್ಳಿ ಬಳಿಯ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಆಮರಣ ಉಪವಾಸ ಕೂತರು. ಇದು ಧಾರವಾಡದ ಸಾಹಿತಿಯ ಮನೆಯಲ್ಲೂ ಅಲ್ಲ, ಹುಬ್ಬಳ್ಳಿಯ ವಕೀಲರ ಕಚೇರಿಯಲ್ಲೂ ಅಲ್ಲ. ಹಳ್ಳಿಯಲ್ಲಿ, ಹಳ್ಳಿಯ ಗೌಡರೊಬ್ಬರು. ಏಕೀಕರಣದ ಚರಿತ್ರೆ ಬರೆದವರು ಇದನ್ನು ಒಂದು ಘಟನೆ ಎಂದು ಹೇಳಿ ಮುಂದೆ ಹೋಗುತ್ತಾರೆ. ನನಗೆ ಇಡೀ ಚಳವಳಿ ತಿರುಗಿದ ಜಾಗ ಇದೇ ಎನ್ನಿಸುತ್ತದೆ. ಗತವೈಭವದ ಭಾಷೆ ಕೇಳುವವನಿಗೆ ಇತಿಹಾಸ ಗೊತ್ತಿರಬೇಕು. ಉಪವಾಸಕ್ಕೆ ಯಾವ ಓದೂ ಬೇಡ. ಸೋಮವಾರ ಒಪ್ಪೊತ್ತು ಇರುವ, ಶಿವರಾತ್ರಿಗೆ ನಿರಾಹಾರ ಇರುವ ಮನೆಗಳಿಗೆ, ಒಬ್ಬ ಗೌಡ ಊಟ ಬಿಟ್ಟಾನೆಂದರೆ ಅದೆಷ್ಟು ದೊಡ್ಡ ಹರಕೆ ಎಂಬುದು ತಾನೇ ತಿಳಿಯುತ್ತದೆ. ಸುತ್ತಲಿನ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಮಂದಿ ಬಂದರು. ದಿನ ಏರಿದಂತೆ ಮಂದಿಯೂ ಏರಿತು. ಉಪವಾಸ ಇಪ್ಪತ್ತು ದಿನ ದಾಟುವ ಹೊತ್ತಿಗೆ, ಏಪ್ರಿಲ್ 19ರಂದು, ಹುಬ್ಬಳ್ಳಿಯಲ್ಲಿ ಕರ್ನಾಟಕ ಪ್ರದೇಶ ಕಾಂಗ್ರೆಸ್ಸಿನ ಸಭೆ ಸೇರಿತು. ಹೊರಗೆ ನೆರೆದ ಜನ ಕೇಳಿದ್ದು ಒಂದೇ: ಪದವಿಗಳಿಗೆ ರಾಜೀನಾಮೆ ಕೊಟ್ಟು ಹೊರಗೆ ಬನ್ನಿರಿ. ನಾಯಕರು ಹಿಂದೆಮುಂದೆ ನೋಡಿದರು. ಸಿಟ್ಟು ಕಲ್ಲಾಯಿತು, ಊರು ಗಲಭೆಗೆ ಬಿತ್ತು, ಬಹಳ ಮಂದಿಗೆ ಗಾಯವಾಯಿತು, ಬಹಳ ಮಂದಿ ಬಂಧನಕ್ಕೆ ಒಳಗಾದರು. ಖಾದಿ ಟೋಪಿ ಕಂಡರೆ ಎದ್ದು ನಿಲ್ಲುತ್ತಿದ್ದ ಊರಿನಲ್ಲಿ ಖಾದಿ ಟೋಪಿಯವರು ಪೊಲೀಸರ ರಕ್ಷಣೆಯಲ್ಲಿ ಓಡಾಡಬೇಕಾಯಿತು. ಶಂಕರಗೌಡರ ಉಪವಾಸ 23 ದಿನ ನಡೆಯಿತು.

ಚಳವಳಿಗಾರರು ಅಖಂಡ ಕರ್ನಾಟಕ ರಾಜ್ಯ ನಿರ್ಮಾಣ ಪರಿಷತ್ತು ಕಟ್ಟಿಕೊಂಡರು. ಹುಬ್ಬಳ್ಳಿಯ ಉಪಚುನಾವಣೆಯಲ್ಲಿ ಪರಿಷತ್ತಿನ ಅಭ್ಯರ್ಥಿ ಗೆದ್ದರು, ಕಾಂಗ್ರೆಸ್ ಸೋತಿತು. ಸ್ವಾತಂತ್ರ್ಯ ತಂದ ಪಕ್ಷ ಆ ಕಾಲದಲ್ಲಿ ಸೋಲುವುದು ಅಪರೂಪ. ಆ ವರ್ಷದ ಕೊನೆಗೆ ರಾಜ್ಯಗಳ ಮರುವಿಂಗಡಣೆ ನೋಡಲು ಫಜಲ್ ಅಲಿ ಆಯೋಗ ನೇಮಕವಾಯಿತು. ಅದೇ 1953ರಲ್ಲಿ ಬಳ್ಳಾರಿಯಲ್ಲಿ ಪೈಲ್ವಾನ ರಂಜಾನ್ ಸಾಬರು ಈ ಚಳವಳಿಗೆ ಪ್ರಾಣ ಕೊಟ್ಟರು. ಭುವನೇಶ್ವರಿಯ ಚಿತ್ರಕ್ಕೆ ಆರತಿ ಎತ್ತಿದ ಚಳವಳಿಯ ಹುತಾತ್ಮ ಒಬ್ಬ ಮುಸ್ಲಿಮ್ ಎಂಬುದನ್ನು ಈಗಿನವರು ನೆನಪಿಡುವುದು ಒಳ್ಳೆಯದು.

ಹೇಳದೆ ಬಿಟ್ಟ ಮಾತೂ ಒಂದಿತ್ತು. ಹಳೆಯ ಮೈಸೂರಿನ ಬಹಳ ಮಂದಿಗೆ ಏಕೀಕರಣ ಬೇಕಿರಲಿಲ್ಲ. ಬಡ ಜಿಲ್ಲೆಗಳ ಭಾರ ನಮ್ಮ ಮೇಲೆ ಬೀಳುತ್ತದೆ ಎಂದು ಅವರು ಬಾಯಿಬಿಟ್ಟು ಹೇಳುತ್ತಿದ್ದರು. ಒಕ್ಕಲಿಗರ ಕೈಯಲ್ಲಿದ್ದ ಅಧಿಕಾರ ಲಿಂಗಾಯತರ ಕೈಗೆ ಹೋಗುತ್ತದೆ ಎಂಬುದನ್ನು ಮೆಲ್ಲಗೆ ಹೇಳುತ್ತಿದ್ದರು. ಧಾರವಾಡದವರೂ ಆ ಲೆಕ್ಕ ಹಾಕಿರಲಿಲ್ಲ ಎನ್ನುವಂತಿಲ್ಲ. ಎರಡೂ ಕಡೆ ವೇದಿಕೆಯ ಮೇಲೆ ತಾಯಿ, ಒಳಕೋಣೆಯಲ್ಲಿ ಜಾತಿಯ ಎಣಿಕೆ. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮವರ ಅಸಮಾಧಾನ ಲೆಕ್ಕಿಸದೆ ಏಕೀಕರಣದ ಪರ ನಿಂತರು. 1956ರ ನವೆಂಬರ್ 1ರಂದು ರಾಜ್ಯ ಉದಯವಾದಾಗ ಕುರ್ಚಿಯಲ್ಲಿ ಇದ್ದವರು ನಿಜಲಿಂಗಪ್ಪ. ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆ ಹೊರಗುಳಿದವು. ರಾಜ್ಯದ ಹೆಸರು ಮೈಸೂರು ಎಂದೇ ಆಯಿತು. ಕರ್ನಾಟಕ ಎಂಬ ಹೆಸರಿಗೆ ಅರ್ಧ ಶತಮಾನ ಹೋರಾಡಿದ ಜಿಲ್ಲೆಯವರು 17 ವರ್ಷ ಮೈಸೂರು ರಾಜ್ಯದ ಪ್ರಜೆಗಳಾಗಿದ್ದರು. 1973ರ ನವೆಂಬರ್ 1ರಂದು ದೇವರಾಜ ಅರಸರು ಹೆಸರು ಬದಲಿಸಿದಾಗ ಆಲೂರರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ದೊಡ್ಡಮೇಟಿಯವರು ಹಿಂದಿನ ವರ್ಷವಷ್ಟೇ ಹೋಗಿದ್ದರು.

ರಾಜ್ಯ ಬಂದರೆ ಏನು ಬರುತ್ತದೆ ಎಂದು ಹಳ್ಳಿಯ ಮಂದಿ ಕೇಳಿದ್ದರೆ ಅದಕ್ಕೆ ಉತ್ತರ ನೀರಿನ ರೂಪದಲ್ಲಿ ಬಂತು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟೆ ಕಟ್ಟಿ ನವಲಗುಂದ, ನರಗುಂದದ ಹೊಲಗಳಿಗೆ ಕಾಲುವೆ ತಂದರು. ಧಾರವಾಡದ ಸಂಶೋಧಕರು 1972ರಲ್ಲಿ ಕೊಟ್ಟ ವರಲಕ್ಷ್ಮಿ ಹತ್ತಿ ಬಿತ್ತಿದರು. ಕೆಲವು ವರ್ಷ ರೊಕ್ಕ ಕಂಡರು. ಆಮೇಲೆ ಹತ್ತಿಯ ದರ ಬಿತ್ತು, ಕಾಲುವೆಯ ಕೊನೆಗೆ ನೀರು ಮುಟ್ಟಲಿಲ್ಲ, ಎರಿ ನೆಲ ಕೆಲವೆಡೆ ಜವುಳು ಹಿಡಿಯಿತು. ಅಷ್ಟರಲ್ಲಿ ನೀರಾವರಿಯಿಂದ ನಿಮ್ಮ ಹೊಲದ ಬೆಲೆ ಏರಿದೆ, ಅದಕ್ಕೆ ಅಭಿವೃದ್ಧಿ ಕರ ಕಟ್ಟಿರಿ ಎಂದು ಎಕರೆಗೆ ಸಾವಿರ ಮೀರಿದ ರೂಪಾಯಿಯ ನೋಟೀಸು ಬಂತು. ನೀರು ಬಾರದ ಹೊಲದವನಿಗೂ ಬಂತು. 1980ರ ಜುಲೈ 21ರಂದು ನವಲಗುಂದ, ನರಗುಂದ ಎರಡೂ ಕಡೆ ರೈತರು ತಹಸೀಲ್ದಾರ್ ಕಚೇರಿಗೆ ನುಗ್ಗಿದರು, ಗೋಲಿಬಾರ್ ಆಯಿತು. ಅಳಗವಾಡಿಯ ಬಸಪ್ಪ ಲಕ್ಕುಂಡಿ, ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಗುಂಡಿಗೆ ಬಲಿಯಾದರು. ನರಗುಂದದಲ್ಲಿ ಸಿಟ್ಟಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಸತ್ತರು.

ಆ ದಿನ ಕಚೇರಿಯಲ್ಲಿ ಕೂತಿದ್ದವರು ಪೇಶವೆಯರ ಸರದಾರರೂ ಅಲ್ಲ, ಇಂಗ್ಲಿಷರೂ ಅಲ್ಲ, ಮುಂಬಯಿಯವರೂ ಅಲ್ಲ. ನೋಟೀಸು ಕನ್ನಡದಲ್ಲೇ ಇತ್ತು. ತನ್ನ ನಾಡು, ತನ್ನ ನುಡಿಯ ಸರಕಾರ ಎಂಬ ಇಪ್ಪತ್ತನಾಲ್ಕು ವರ್ಷದ ಮಾತಿಗೆ ರೈತನ ಬಳಿ ಈಗ ಬೇರೆ ಪ್ರಶ್ನೆ ಇತ್ತು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು; ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಅದರ ಮುಂದಾಳುಗಳು. ಹೆಗಲ ಮೇಲೆ ಹಸಿರು ಟವೆಲ್ಲು. ಸಾಲ ಬಾಕಿ ಇರುವುದು ನಾವಲ್ಲ, ನಮಗೆ ನ್ಯಾಯದ ಬೆಲೆ ಕೊಡದ ಸರಕಾರ ಎಂದು ಅವರು ಲೆಕ್ಕವನ್ನೇ ತಿರುಗಿಸಿ ಹಾಕಿದರು. ಅನುಮತಿ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದೆಂದು ಹಳ್ಳಿಹಳ್ಳಿಯ ಅಗಸಿಯಲ್ಲಿ ಬೋರ್ಡು ನಿಲ್ಲಿಸಿದರು. ಎರಡು ವರ್ಷ ಕಳೆಯುವಷ್ಟರಲ್ಲಿ, 1982ರಲ್ಲಿ, ಧಾರವಾಡದ ಸಾಹಿತಿಗಳು ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಗೋಕಾಕ್ ವರದಿಗಾಗಿ ಬೀದಿಗಿಳಿದರು, ನಟ ರಾಜಕುಮಾರ್ ಬಂದ ಮೇಲೆ ಅದು ರಾಜ್ಯದ ಚಳವಳಿಯಾಯಿತು. ಗುಂಡೂರಾವ್ ಸರಕಾರ 1983ರ ಚುನಾವಣೆಯಲ್ಲಿ ಬಿತ್ತು. ಪೇಟೆಯವರು ಅದನ್ನು ಕನ್ನಡದ ಗೆಲುವು ಎಂದರು, ಹಳ್ಳಿಯವರು ರೈತನ ಗೆಲುವು ಎಂದರು. ನರಗುಂದದಲ್ಲಿ ಸತ್ತವನಿಗೆ ವೀರಗಲ್ಲು ನಿಲ್ಲಿಸಿದರು. ಹಸು ಕಾಯಲು, ಊರು ಕಾಯಲು ಸತ್ತವರಿಗೆ ಚಾಲುಕ್ಯರ ಕಾಲದಲ್ಲಿ ಈ ಸೀಮೆಯಲ್ಲಿ ನಿಲ್ಲಿಸುತ್ತಿದ್ದ ಕಲ್ಲಿನ ಹೆಸರೇ ಅದು. ಗತವೈಭವದಿಂದ ಅರಸರನ್ನು ಬಿಟ್ಟು ರೈತರು ಆರಿಸಿಕೊಂಡದ್ದು ಅದೊಂದನ್ನು.

ಮಹದಾಯಿ ನದಿಯ ವ್ಯಾಜ್ಯದಲ್ಲಿ ಕನ್ನಡದ ಮಾತು, ರೈತನ ಮಾತು ಎರಡೂ ಮತ್ತೆ ಕೂಡಿದವು. ಮಲಪ್ರಭೆಗೆ ನೀರು ಸಾಲದಾಗಿ, ಮಹದಾಯಿಗೆ ಸೇರುವ ಕಳಸಾ–ಬಂಡೂರಿ ಹಳ್ಳಗಳ ನೀರು ಇತ್ತ ತಿರುಗಿಸಬೇಕೆಂದು 2015ರಲ್ಲಿ ನರಗುಂದ, ನವಲಗುಂದಗಳಲ್ಲಿ ಧರಣಿ ಸುರುವಾಯಿತು. ಎದುರು ಗೋವಾ ಇದ್ದದ್ದರಿಂದ ಹಸಿರು ಟವೆಲ್ಲಿನ ಪಕ್ಕ ಹಳದಿ–ಕೆಂಪು ಬಾವುಟ ಬಂದು ನಿಂತಿತು, ಸಿನಿಮಾ ನಟರೂ ಹುಬ್ಬಳ್ಳಿಗೆ ಬಂದರು. 2016ರ ಜುಲೈ 27ರಂದು ಮಹದಾಯಿ ನ್ಯಾಯಮಂಡಳಿ 7.56 ಟಿಎಂಸಿ ನೀರಿನ ಮಧ್ಯಂತರ ಕೋರಿಕೆ ತಳ್ಳಿಹಾಕಿತು. ಸಿಟ್ಟು ಸಿಡಿದು ಕೆಲವೇ ದಿನಗಳಲ್ಲಿ ನವಲಗುಂದ ತಾಲೂಕಿನ ಯಮನೂರಿನಲ್ಲಿ ಪೊಲೀಸರು ಮನೆ ಹೊಕ್ಕು ಮುದುಕರು, ಹೆಂಗಸರು ಎನ್ನದೆ ಹೊಡೆದರು. ಒಂದೇ ಗದ್ದುಗೆಯನ್ನು ಹಿಂದೂಗಳು ಚಾಂಗದೇವ ಎಂದು, ಮುಸಲ್ಮಾನರು ರಾಜಾ ಬಾಗಸವಾರ ಎಂದು ನಡೆದುಕೊಳ್ಳುವ ಊರು ಅದು. ಈ ಸಲವೂ ಲಾಠಿ ಹಿಡಿದದ್ದು ಕನ್ನಡದ ಸರಕಾರವೇ.

2018ರ ಆಗಸ್ಟ್ 14ರ ಅಂತಿಮ ತೀರ್ಪು ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಕಳಸಾ–ಬಂಡೂರಿಗೆ 3.90. ಅರಣ್ಯ, ವನ್ಯಜೀವಿ ಅನುಮತಿಗಳ ತಕರಾರು ಆ ಮೇಲೂ ಬೆಂಬಿಡಲಿಲ್ಲ. ಈಗ ಚುನಾವಣೆಗೆ ಬಂದವರು ಭಾಷಣದ ನಡುವೆ ಕನ್ನಡಾಂಬೆಯನ್ನೂ ಭಾರತಮಾತೆಯನ್ನೂ ತಪ್ಪದೆ ನೆನೆಯುತ್ತಾರೆ. ನವಲಗುಂದದ ಚಾದಂಗಡಿಯಲ್ಲಿ ಕೂತವರು ಚಪ್ಪಾಳೆ ಹೊಡೆಯುತ್ತಾರೆ, ಆಮೇಲೆ ಟಿಎಂಸಿಯ ಲೆಕ್ಕಕ್ಕೆ ಬರುತ್ತಾರೆ: ಏಳೂವರಿ ಕೇಳಿದ್ವಿ, ನಾಕಕ್ಕ ಕಡಿಮಿ ಕೊಟ್ಟಾರ, ಅದಕ್ಕ ಸಹಿ ಯಾರ ಟೇಬಲ್ ಮ್ಯಾಲ ಕುಂತೈತಿ?